ಮೈಕು ಯಾರ ಕಿವಿ?

ಗಿಟಾರಿಗೆ ಮೈಕು ಎಲ್ಲಿಡಬೇಕು ಎಂಬುದನ್ನು ಸೌಂಡಿನವರಿಗೆ ಬಿಟ್ಟು ನಾವು ಸುಮ್ಮನಿರುತ್ತೇವೆ. ಸ್ಟ್ಯಾಂಡು, ಕೇಬಲ್ಲು, ಮಿಕ್ಸರುಗಳ ಲೋಕದಲ್ಲಿ ತತ್ತ್ವಶಾಸ್ತ್ರಕ್ಕೇನು ಕೆಲಸ ಎಂದು ಯಾರಾದರೂ ಕೇಳಿದರೆ ಅದು ಅನ್ಯಾಯದ ಪ್ರಶ್ನೆಯೇನಲ್ಲ. ಆದರೆ ಆ ಲೋಕದವರು ದಿನವೂ ಆಡುವ ಮಾತೊಂದು ತತ್ತ್ವಶಾಸ್ತ್ರದ ಅಂಗಳದ್ದೇ: ವಾದ್ಯದ ದನಿ ಇದ್ದ ಹಾಗೆ ಕೇಳಿಸಬೇಕು. ಎಲ್ಲಿ ಇದ್ದ ಹಾಗೆ? ತಂತಿಯಲ್ಲೋ, ಮರದಲ್ಲೋ, ನುಡಿಸುವವರ ಕಿವಿಯಲ್ಲೋ, ಮೂರನೆಯ ಸಾಲಿನ ಕುರ್ಚಿಯಲ್ಲೋ? ನಮ್ಮೆಲ್ಲರೊಳಗೂ ಇದಕ್ಕೊಂದು ಸಿದ್ಧ ಉತ್ತರವಿದೆ. ಮೂಲಕ್ಕೆ ಹತ್ತಿರವಾದಷ್ಟೂ ಸತ್ಯಕ್ಕೆ ಹತ್ತಿರ. ಗರ್ಭಗುಡಿಯ ಹೊಸ್ತಿಲ ಬಳಿ ನಿಂತವನಿಗೇ ಸರಿಯಾದ ದರ್ಶನ ಎಂದು ನಂಬಿದ ಮನಸ್ಸು ದನಿಯ ವಿಷಯದಲ್ಲೂ ಹಾಗೆಯೇ ಯೋಚಿಸುತ್ತದೆ. ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಅದಕ್ಕೆ ಅಕೌಸ್ಟಿಕ್ ಗಿಟಾರಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಗಿಟಾರಿಗೆ ಅತಿ ಹತ್ತಿರ ಹೋಗುವ ಸಾಧನ ಮೈಕಲ್ಲ, ಪಿಕಪ್. ಬ್ರಿಜ್ಜಿನ ಮೇಲೆ ತಂತಿಗಳು ಕೂರುವ ತೆಳ್ಳನೆಯ ಪಟ್ಟಿಗೆ ಸ್ಯಾಡಲ್ ಎನ್ನುತ್ತಾರೆ. ಅದರ ಅಡಿಯಲ್ಲಿ ಪೀಜೋ ವಸ್ತುವಿನ ಪಟ್ಟಿಯೊಂದನ್ನು ಕೂರಿಸಿದರೆ ತಂತಿಯ ಒತ್ತಡದ ಏರಿಳಿತವೇ ವಿದ್ಯುತ್ತಾಗಿ ಹೊರಬರುತ್ತದೆ. ನಡುವೆ ಗಾಳಿಯಿಲ್ಲ, ಕೋಣೆಯಿಲ್ಲ, ಪಕ್ಕದಲ್ಲಿ ಬಾರಿಸುವ ಡ್ರಮ್ಮಿನ ಗದ್ದಲವಿಲ್ಲ. ಮೂಲಕ್ಕೆ ಇದಕ್ಕಿಂತ ಹತ್ತಿರ ಹೋಗಲು ಜಾಗವೇ ಇಲ್ಲ. ಹಾಗಿದ್ದೂ ಜೋರಾಗಿ ಮೀಟಿದಾಗ ಅದರಿಂದ ಬರುವ ದನಿ ಒಣಕಲು, ಗಡುಸು. ಪಾಶ್ಚಾತ್ಯ ವಾದಕರು ಬೇಸರದಿಂದ ಅದನ್ನು ಬಾತುಕೋಳಿಯ ಕೂಗು ಎಂದೇ ಕರೆಯುತ್ತಾರೆ. ಕಾರಣ ಸರಳ. ತಂತಿ ಬ್ರಿಜ್ಜನ್ನು ಹೇಗೆ ನೂಕಿತು ಎಂಬುದಷ್ಟೇ ಪಿಕಪ್ಪಿಗೆ ಗೊತ್ತು. ಆ ನೂಕನ್ನು ತೆಗೆದುಕೊಂಡು ಮರ ಏನು ಮಾಡಿತು, ಒಡಲೊಳಗಿನ ಗಾಳಿ ಏನು ಮಾಡಿತು ಎಂಬ ಸುದ್ದಿ ಅದನ್ನು ತಲುಪುವುದು ತೀರ ಕಡಿಮೆ. ನಮ್ಮಲ್ಲಿ ವೀಣೆಯ ಮೇಲ್ಹಲಗೆಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕಿನ ಬಗ್ಗೆ ರಸಿಕರು ಹೇಳುವ ದೂರಿಗೂ ಇದಕ್ಕೂ ನಂಟಿದೆ: ಮೀಟು ದಪ್ಪಗೆ ಕೇಳುತ್ತದೆ, ಗಮಕದ ನಯ ಕೇಳುವುದಿಲ್ಲ.

ಹಾಗಾದರೆ ಒಂದು ಹೆಜ್ಜೆ ಹೊರಗೆ ಬಂದು ಗಿಟಾರಿನ ನಡುವಿನ ದುಂಡು ರಂಧ್ರದ ಎದುರು ಮೈಕಿಟ್ಟರೆ? ಹೊಸಬರೆಲ್ಲ ಮೊದಲು ಮಾಡುವುದು ಇದನ್ನೇ. ದನಿ ಅಲ್ಲಿಂದಲೇ ಬರುತ್ತದೆ ಎಂದು ಕಣ್ಣು ಹೇಳುತ್ತದೆ, ಕಿವಿ ನಂಬುತ್ತದೆ. ಆದರೆ ಆ ರಂಧ್ರದಲ್ಲಿ ಪ್ರಬಲವಾಗಿರುವುದು ಒಡಲೊಳಗಿನ ಗಾಳಿಯ ಅನುರಣನ. ದೊಡ್ಡ ಸ್ಟೀಲ್ ತಂತಿಯ ಗಿಟಾರುಗಳಲ್ಲಿ ಅದು 100 ಹರ್ಟ್ಸ್ ಆಸುಪಾಸಿನಲ್ಲಿ ಇರುತ್ತದೆ. ಆರನೆಯ ತಂತಿಯ ಮೂರನೆಯ ಫ್ರೆಟ್ಟಿನ ಜಿ ಸ್ವರ 98 ಹರ್ಟ್ಸ್. ಲೆಕ್ಕವಿಲ್ಲದಷ್ಟು ಹಾಡುಗಳಿಗೆ ಬೇಕಾಗುವ ಆ ಒಂದು ಸ್ವರ ಬಂದಾಗಲೆಲ್ಲ ಸ್ಪೀಕರು ಗುಮ್ಮೆನ್ನುತ್ತದೆ, ಉಳಿದ ಸ್ವರಗಳು ಅದರ ನೆರಳಿನಲ್ಲಿ ನಿಲ್ಲುತ್ತವೆ. ಇದರ ಮೇಲೆ ಇನ್ನೊಂದು. ಕಾರ್ಡಿಯಾಯ್ಡ್ ಜಾತಿಯ ಮೈಕು, ಅಂದರೆ ಮುಂದಿನದನ್ನು ಚೆನ್ನಾಗಿ ಕೇಳಿ ಹಿಂದಿನದಕ್ಕೆ ಕಿವುಡಾಗುವ ಮೈಕು, ಮೂಲಕ್ಕೆ ತೀರ ಹತ್ತಿರ ಬಂದಾಗ ಮಂದ್ರವನ್ನು ತಾನಾಗಿಯೇ ಉಬ್ಬಿಸುತ್ತದೆ. ಸುತ್ತಲೂ ಸಮನಾಗಿ ಕೇಳುವ ಓಮ್ನಿ ಮೈಕಿಗೆ ಆ ದೋಷವಿಲ್ಲ, ಆದರೆ ಅದು ವೇದಿಕೆಯ ಗದ್ದಲವನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತದೆ. ಅನುಭವಸ್ಥರು ಮಾಡುವುದೇನೆಂದರೆ ಸಣ್ಣ ಡಯಾಫ್ರಮ್ಮಿನ ಕಂಡೆನ್ಸರ್ ಮೈಕೊಂದನ್ನು ಹನ್ನೆರಡನೆಯ ಫ್ರೆಟ್ಟಿನ ಎದುರು, 15ರಿಂದ 30 ಸೆಂಟಿಮೀಟರ್ ದೂರದಲ್ಲಿ, ಕತ್ತು ಒಡಲನ್ನು ಸೇರುವ ಕಡೆಗೆ ತುಸು ಓರೆಯಾಗಿ ಇಡುತ್ತಾರೆ. ಹಗುರವಾದ ಡಯಾಫ್ರಮ್ಮು ಉಗುರಿನ ತಾಗುವಿಕೆಯನ್ನೂ ಹಿಡಿಯುತ್ತದೆ, ರಂಧ್ರದ ಗುಮ್ಮು ಓರೆಯಲ್ಲಿ ತಪ್ಪಿಹೋಗುತ್ತದೆ. ಸರಿಸುಮಾರು ಹದವಾದ ದನಿ ಬರುವುದು ಇಲ್ಲಿಯೇ. ಗಮನಿಸಿ, ದನಿ 'ಹೊರಡುವ' ಜಾಗದಿಂದ ಮೈಕು ದೂರ ಸರಿದ ಮೇಲೆ ಅದು ಹೆಚ್ಚು ಗಿಟಾರಿನಂತೆ ಕೇಳಿತು.

ಯಾಕೆ ಹೀಗೆ? ದೊಡ್ಡ ಗಿಟಾರಿನ ಒಡಲು ಸುಮಾರು ಅರ್ಧ ಮೀಟರ್ ಉದ್ದ. ಅದರ ಒಂದೊಂದು ಭಾಗವೂ ಒಂದೊಂದು ಕಂಪನಾಂಕಕ್ಕೆ ಒಂದೊಂದು ಥರ ಅಲುಗಿ ಬೇರೆ ಬೇರೆ ದಿಕ್ಕಿಗೆ ಗಾಳಿಯನ್ನು ನೂಕುತ್ತದೆ. ಅಂಗೈ ಅಗಲದ ದೂರದಲ್ಲಿರುವ ಮೈಕಿಗೆ ಸಿಗುವುದು ಆ ಒಡಲಿನ ಒಂದು ಪ್ರದೇಶದ ವರದಿ. ಎಲ್ಲ ಭಾಗಗಳ ಕೊಡುಗೆಯೂ ಬೆರೆತು, ನಾವು ಗಿಟಾರ್ ಎಂದು ಗುರುತಿಸುವ ದನಿ ಆಗುವುದು ಒಂದೆರಡು ಮೀಟರ್ ಆಚೆ. ಎಂದರೆ ಗಿಟಾರಿನ ದನಿ ಗಿಟಾರಿನಲ್ಲಿ ಇಲ್ಲ. ಅದು ಗಿಟಾರಿನಿಂದ ಹೊರಗೆ, ಕೇಳುವವನೊಬ್ಬ ಕೂರಬಹುದಾದ ಜಾಗದಲ್ಲಿ ಆಗುತ್ತದೆ. ವಾದ್ಯ ಮಾಡುವವರಿಗೆ ಇದು ಹೊಸ ವಿಷಯವಲ್ಲ. ಇಂದಿನ ಕ್ಲಾಸಿಕಲ್ ಗಿಟಾರಿಗೆ ಅದರ ಆಕಾರ ಕೊಟ್ಟ ಸ್ಪೇನಿನ ಆಂಟೊನಿಯೊ ದೆ ತೋರೆಸ್ 1862ರಲ್ಲಿ ಬೆನ್ನನ್ನೂ ಪಕ್ಕಗಳನ್ನೂ ಕಾಗದದ ರಟ್ಟಿನಲ್ಲಿ ಮಾಡಿ, ಮೇಲ್ಹಲಗೆಯನ್ನು ಮಾತ್ರ ಒಳ್ಳೆಯ ಮರದಲ್ಲಿ ಮಾಡಿದ ಗಿಟಾರೊಂದನ್ನು ಕಟ್ಟಿದ. ದನಿಯ ಬಹುಪಾಲು ಕೆಲಸ ಮೇಲ್ಹಲಗೆಯದು ಎಂದು ತೋರಿಸುವುದು ಅವನ ಉದ್ದೇಶ. ಆ ರಟ್ಟಿನ ಗಿಟಾರು ಈಗ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಅದು ಹೇಳುವ ಮಾತು ನನ್ನ ವಾದಕ್ಕೆ ಬೇಕಾದದ್ದೇ: ಬರಿಯ ತಂತಿ ಗಾಳಿಯನ್ನು ಅಲುಗಿಸಲಾರದಷ್ಟು ತೆಳುವು, ಆದ್ದರಿಂದ ಗಿಟಾರು ಎಂಬುದು ತಂತಿಗೆ ಹಿಡಿದ ಧ್ವನಿವರ್ಧಕ. ವರ್ಧನೆ ಮೈಕಿನಿಂದ ಶುರುವಾಗುವುದಿಲ್ಲ.

ಶಬ್ದ ಹುಟ್ಟುತ್ತದೆಯೋ ಪ್ರಕಟವಾಗುತ್ತದೆಯೋ ಎಂದು ನೈಯಾಯಿಕರೂ ಮೀಮಾಂಸಕರೂ ಶತಮಾನಗಳ ಕಾಲ ಜಗಳವಾಡಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಮೀಮಾಂಸಕರಿಗೆ ಶಬ್ದ ನಿತ್ಯ. ಗಾಳಿ, ಧ್ವನಿ ಇವೆಲ್ಲ ಅದನ್ನು ತೋರಿಸಿಕೊಡುವ ವ್ಯಂಜಕಗಳು ಮಾತ್ರ. ಕತ್ತಲಲ್ಲಿರುವ ಗಡಿಗೆಯನ್ನು ದೀಪ ತೋರಿಸುತ್ತದೆ, ಮಾಡುವುದಿಲ್ಲ. ನ್ಯಾಯ-ವೈಶೇಷಿಕರು ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ಶಬ್ದ ಆಕಾಶದ ಗುಣ. ಸಂಯೋಗದಿಂದ, ವಿಭಾಗದಿಂದ, ಇಲ್ಲವೆ ಇನ್ನೊಂದು ಶಬ್ದದಿಂದ ಹುಟ್ಟುತ್ತದೆ, ಹುಟ್ಟಿ ಅಳಿಯುತ್ತದೆ. ಕೋಲು ಭೇರಿಗೆ ತಾಗಿದಾಗ ಹುಟ್ಟಿದ ಮೊದಲ ಶಬ್ದ ನಮ್ಮ ಕಿವಿಗೆ ಬರುವುದೇ ಇಲ್ಲ. ಅದು ಇನ್ನೊಂದನ್ನು ಹುಟ್ಟಿಸಿ ಅಳಿಯುತ್ತದೆ, ಆ ಇನ್ನೊಂದು ಮತ್ತೊಂದನ್ನು. ಕೊನೆಗೆ ಕಿವಿಯ ಕುಹರದಲ್ಲಿ ಹುಟ್ಟಿದ್ದು ನಮಗೆ ಕೇಳುತ್ತದೆ. ಈ ಸಂತಾನ ನೀರಿನ ಅಲೆಗಳಂತೆ ಹಬ್ಬುತ್ತದೆ ಎಂದು ಕೆಲವರು, ಕದಂಬದ ಮೊಗ್ಗಿನಂತೆ ಎಲ್ಲ ದಿಕ್ಕಿಗೂ ಒಮ್ಮೆಲೇ ಹೊಮ್ಮುತ್ತದೆ ಎಂದು ಕೆಲವರು. 17ನೆಯ ಶತಮಾನದ ವಿಶ್ವನಾಥ ಪಂಚಾನನ ತನ್ನ ಭಾಷಾಪರಿಚ್ಛೇದದಲ್ಲಿ ಎರಡೂ ಮತಗಳನ್ನು ಹೇಳುತ್ತಾನೆ. ಮೀಮಾಂಸಕರ ಚಿಂತೆ ವೇದದ ವರ್ಣಗಳದ್ದು, ವಾದ್ಯದ ನಾದದ್ದಲ್ಲ, ಅದನ್ನು ಗಿಟಾರಿಗೆ ಎಳೆದು ತರುವುದು ಅತಿಯಾಯಿತು ಎಂದು ಪಂಡಿತರು ಆಕ್ಷೇಪಿಸಬಹುದು. ಒಪ್ಪುತ್ತೇನೆ. ನಾನು ಎರವಲು ತರುತ್ತಿರುವುದು ಅವರ ಸಿದ್ಧಾಂತವನ್ನಲ್ಲ. ತೋರಿಸುವುದಕ್ಕೂ ಹುಟ್ಟಿಸುವುದಕ್ಕೂ ನಡುವೆ ಅವರು ಎಳೆದ ಗೆರೆಯನ್ನು. ಮೈಕು ದೀಪವೇ? ಗಿಟಾರಿನಲ್ಲಿ ಆಗಲೇ ಇರುವ ದನಿಯನ್ನು ಅದು ಬೆಳಕಿಗೆ ತರುತ್ತದೆಯೇ? ಮೇಲೆ ಹೇಳಿದ ಸಾಕ್ಷ್ಯವೆಲ್ಲ ಅಲ್ಲ ಎನ್ನುತ್ತದೆ. ಮೈಕನ್ನು ಒಂದು ಗೇಣು ಸರಿಸಿದರೆ ಬೇರೆಯದೇ ದನಿ ಹುಟ್ಟುತ್ತದೆ. ಹಾಗೆಂದು ಮೈಕೇನೋ ಮಹಾಪಚಾರ ಮಾಡಿತು ಎಂದಲ್ಲ; ನೈಯಾಯಿಕನ ಲೆಕ್ಕದಲ್ಲಿ ಬರಿಗಿವಿಗೆ ಬಂದದ್ದೂ ಸಂತಾನದ ಕೊನೆಯ ಕೂಸೇ. ಮೊದಲ ಶಬ್ದವನ್ನು ಯಾರೂ ಎಂದೂ ಕೇಳಿಲ್ಲ, ಮೊದಲ ಸಾಲಿನ ಶ್ರೋತೃವೂ ಕೇಳಿಲ್ಲ.

ಹಾಗಾದರೆ ಎಲ್ಲ ದನಿಯೂ ಒಂದೇ, ಪಿಕಪ್ಪಿನ ಬಾತುಕೋಳಿಯೂ ಸರಿ ಎಂದಾಯಿತಲ್ಲ? ಈ ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ ಇದೇ. ಮೂಲವೆಂಬುದು ಇಲ್ಲದ ಮೇಲೆ ತಪ್ಪು ಎಂಬುದಕ್ಕೆ ಅರ್ಥವೇನು? ನನ್ನ ಉತ್ತರ: ನಿಷ್ಠೆಯ ಅಳತೆಗೋಲು ವಾದ್ಯದ ಒಳಗಿಲ್ಲ, ಕುರ್ಚಿಯಲ್ಲಿದೆ. ಸಣ್ಣ ಕೋಣೆಯಲ್ಲಿ, ವಿದ್ಯುತ್ತಿನ ಸಹಾಯವಿಲ್ಲದೆ, ವಾದ್ಯದೆದುರು ಒಂದೆರಡು ಮೀಟರ್ ದೂರದಲ್ಲಿ ಕೂತವನಿಗೆ ಏನು ಕೇಳುತ್ತಿತ್ತೋ ಅದನ್ನು ಐವತ್ತನೆಯ ಸಾಲಿನವನಿಗೆ ತಲುಪಿಸುವುದು ಮೈಕಿನ ಕೆಲಸ. ಅದು ಆ ಕೂತವನ ಪರವಾಗಿ ವೇದಿಕೆಯ ಮೇಲೆ ನಿಂತ ಕಿವಿ. ಈ ಅಳತೆ ಇಟ್ಟುಕೊಂಡರೆ ತಪ್ಪು ಸರಿಗಳನ್ನು ಖಚಿತವಾಗಿ ಹೇಳಬಹುದು. ಪಿಕಪ್ಪಿನ ದನಿಯನ್ನೂ 30 ಸೆಂಟಿಮೀಟರ್ ದೂರದ ಮೈಕಿನ ದನಿಯನ್ನೂ ಸಮಪ್ರಮಾಣದಲ್ಲಿ ಬೆರೆಸುವುದು ಈಗ ಸಾಮಾನ್ಯ. ಗಾಳಿಯಲ್ಲಿ ಸೆಕೆಂಡಿಗೆ 343 ಮೀಟರ್ ಓಡುವ ದನಿಗೆ ಆ ದೂರ ದಾಟಲು ಸುಮಾರು 0.9 ಮಿಲಿಸೆಕೆಂಡ್ ಬೇಕು. ಪಿಕಪ್ಪಿನ ಸುದ್ದಿ ಅಷ್ಟು ಮುಂಚೆ ಬಂದಿರುತ್ತದೆ. ಎರಡೂ ಸೇರಿದಾಗ 570 ಹರ್ಟ್ಸ್ ಆಸುಪಾಸಿನಲ್ಲಿ ಒಂದನ್ನೊಂದು ನುಂಗುತ್ತವೆ, ಮತ್ತೆ ಅದರ ಮೂರರಷ್ಟು, ಐದರಷ್ಟು ಕಡೆ. ಮೊದಲ ತಂತಿಯ ಒಂಬತ್ತು ಹತ್ತನೆಯ ಫ್ರೆಟ್ಟಿನ ಸ್ವರಗಳು ಟೊಳ್ಳಾಗುತ್ತವೆ. ಕೋಣೆಯ ಗೋಡೆ, ನೆಲಗಳಿಂದ ಮರಳುವ ದನಿಯೂ ಹೀಗೆಯೇ ತಡವಾಗಿ ಬಂದು ಬೆರೆಯುತ್ತದಲ್ಲ ಎಂದರೆ, ಅದು ಬೇರೆ ದಿಕ್ಕಿನಿಂದ, ಶಕ್ತಿ ಕುಂದಿ ಬರುತ್ತದೆ. ಕಿವಿ ಮೊದಲು ಬಂದದ್ದನ್ನು ಮೂಲವೆಂದು ಹಿಡಿದು ಉಳಿದದ್ದನ್ನು ಕೋಣೆಯ ಲೆಕ್ಕಕ್ಕೆ ಹಾಕುತ್ತದೆ. ಒಂದೇ ಸ್ಪೀಕರಿನಿಂದ ಎರಡೂ ಸಮಬಲದಲ್ಲಿ ಬಂದರೆ ಬೇರ್ಪಡಿಸಲು ಕಿವಿಗೆ ಏನೂ ಆಧಾರವಿಲ್ಲ. ಯಾವ ಕುರ್ಚಿಯಲ್ಲಿ ಕೂತರೂ ಕೇಳದ ದನಿ ಅದು. ಆದ್ದರಿಂದ ತಪ್ಪು.

ಆದರ್ಶದ ಪ್ರಕಾರ ಮೈಕನ್ನು ಆ ಕುರ್ಚಿಯ ಜಾಗದಲ್ಲೇ ಇಟ್ಟರೆ ಮುಗಿಯಿತಲ್ಲ? ಧ್ವನಿಮುದ್ರಣದಲ್ಲಾದರೆ ಮುಗಿಯುತ್ತದೆ. ವಿಶ್ವಮೋಹನ ಭಟ್ಟರ ಮೋಹನವೀಣೆ ಗಿಟಾರಿನದೇ ಮಾರ್ಪಾಡು; ಅವರೂ ಅಮೆರಿಕದ ಗಿಟಾರು ವಾದಕ ರೈ ಕೂಡರ್ ಅವರೂ ಸೇರಿ ನುಡಿಸಿದ, 1994ರಲ್ಲಿ ಗ್ರ್ಯಾಮಿ ಪಡೆದ 'ಎ ಮೀಟಿಂಗ್ ಬೈ ದ ರಿವರ್' ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಚರ್ಚಿನ ಪ್ರಾರ್ಥನಾಮಂದಿರವೊಂದರಲ್ಲಿ ಧ್ವನಿಮುದ್ರಣವಾಯಿತು. ವಾದ್ಯವಾದ್ಯಕ್ಕೂ ಮೂಗಿನ ಬಳಿ ಮೈಕು ಇಡುವ ಬದಲು ನಿರ್ಮಾಪಕ ಕವಿಚಂದ್ರನ್ ಅಲೆಕ್ಸಾಂಡರ್ ಇಡೀ ಮೇಳಕ್ಕೆ ಎದುರಾಗಿ ಸ್ಟೀರಿಯೋ ಜೋಡಿಯನ್ನಿಟ್ಟರು. ಎಂಜಿನಿಯರ್ ಅಲನ್ ಬ್ಲಮ್ಲೀನ್ 1930ರ ದಶಕದಲ್ಲಿ ರೂಪಿಸಿದ ವಿಧಾನ ಅದು. ಕಿವಿ ಇಡಬೇಕಾದಲ್ಲಿ ಕಿವಿ ಇಟ್ಟಿದ್ದಾರೆ ಎಂದು ಆ ಮುದ್ರಿಕೆ ಕೇಳಿದರೆ ಗೊತ್ತಾಗುತ್ತದೆ. ಕಛೇರಿಯ ವೇದಿಕೆಯಲ್ಲಿ ಇದು ನಡೆಯದು. ಮೈಕು ದೂರ ಹೋದಂತೆ ಗಿಟಾರಿನ ಪಾಲು ಕುಗ್ಗುತ್ತದೆ, ದೂರ ಇಮ್ಮಡಿಯಾದಾಗ ಸುಮಾರು 6 ಡೆಸಿಬಲ್. ಸ್ಪೀಕರಿನಿಂದ ಮರಳುವ ದನಿಯಾದರೋ ಇದ್ದಷ್ಟೇ ಇರುತ್ತದೆ. ಕುಗ್ಗಿದ್ದನ್ನು ತುಂಬಲು ಮಟ್ಟ ಏರಿಸಿದರೆ ಸ್ಪೀಕರಿನ ದನಿ ಮೈಕಿಗೆ, ಮೈಕಿನದು ಸ್ಪೀಕರಿಗೆ ಸುತ್ತಿ ಸುತ್ತಿ ಕೊನೆಗೆ ಎಲ್ಲರೂ ಕಿವಿ ಮುಚ್ಚಿಕೊಳ್ಳುವ ಆ ಕೂಗು ಏಳುತ್ತದೆ. ಮೈಕಿನ ಕಿವುಡು ದಿಕ್ಕಿಗೆ ಮಾನಿಟರ್ ಸ್ಪೀಕರ್ ಇಟ್ಟು ಸ್ವಲ್ಪ ಪಾರಾಗಬಹುದು. ಕಾರ್ಡಿಯಾಯ್ಡಿಗೆ ಆ ದಿಕ್ಕು ನೇರ ಹಿಂದೆ. ಹೈಪರ್‌ಕಾರ್ಡಿಯಾಯ್ಡಿಗೆ ಸುಮಾರು 110 ಡಿಗ್ರಿಯ ಓರೆಯಲ್ಲಿ. ಇಷ್ಟು ಸಣ್ಣ ವಿಷಯ ತಿಳಿಯದೆ ಹಾಳಾದ ಕಛೇರಿಗಳು ಎಷ್ಟೋ. ಆದರೂ ಕೊನೆಗೆ ಮೈಕು ವಾದ್ಯದ ಹತ್ತಿರವೇ ಬರಬೇಕಾಗುತ್ತದೆ, ಯಾವ ಮನುಷ್ಯನೂ ಕಿವಿ ಇಟ್ಟು ಕೇಳದ ಜಾಗಕ್ಕೆ. ಹತ್ತಿರ ಇಡುವುದು ಸತ್ಯಕ್ಕಾಗಿ ಅಲ್ಲ, ಕೂಗಿಗೆ ಹೆದರಿ ಮಾಡಿಕೊಂಡ ಒಪ್ಪಂದ. ಹಾಗಾಗಿ ಮಿಕ್ಸರಿನಲ್ಲಿ 100 ಹರ್ಟ್ಸ್ ಸುತ್ತಮುತ್ತ ತಗ್ಗಿಸುವುದು, ತುಸು ಅನುರಣನ ಸೇರಿಸುವುದು ಕಲಬೆರಕೆಯಲ್ಲ. ಅದು ದನಿಯನ್ನು ತನ್ನ ಕುರ್ಚಿಗೆ ಮರಳಿಸುವ ಕೆಲಸ. 'ಏನೂ ಬದಲಾಯಿಸಬೇಡಿ, ಹಾಗೇ ಬಿಡಿ' ಎನ್ನುವ ಶುದ್ಧವಾದಿ ಇಲ್ಲಿ ಅಶುದ್ಧದ ಪರ ನಿಂತಿರುತ್ತಾನೆ.

ಈ ಶುದ್ಧವಾದಿಗಿಂತ ಗಂಭೀರವಾದ ಎದುರಾಳಿ ಆಂಡ್ರೆಸ್ ಸೆಗೋವಿಯಾ. ಗಿಟಾರನ್ನು ಕಛೇರಿ ವೇದಿಕೆಗೆ ಏರಿಸಿ 1987ರಲ್ಲಿ ತೀರಿಕೊಳ್ಳುವವರೆಗೂ ಆತ ಧ್ವನಿವರ್ಧಕವನ್ನು ಒಪ್ಪಲಿಲ್ಲ. ದೊಡ್ಡ ಸಭಾಂಗಣಗಳಲ್ಲೂ ಬರಿಯ ವಾದ್ಯವನ್ನೇ ನುಡಿಸಿದ. ಆ ನಿಲುವಿನ ಪರ ಹೇಳಬಹುದಾದ ಅತ್ಯುತ್ತಮ ಮಾತು ದನಿಯ ಬಣ್ಣದ್ದಲ್ಲ, ಗಮನದ್ದು. ಸಣ್ಣ ದನಿ ಸಭೆಯನ್ನು ತನ್ನತ್ತ ಬಾಗಿಸಿಕೊಳ್ಳುತ್ತದೆ. ಜೋರು ದನಿ ಸಭೆಗೆ ಮೈಮರೆಯುವ, ಮಾತಾಡುವ ಸಲುಗೆ ಕೊಡುತ್ತದೆ. ಇದು ಸತ್ಯ, ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಇನ್ನೂರು ಜನರ ಒಳ್ಳೆಯ ಸಭಾಂಗಣದಲ್ಲಿ ಗಿಟಾರಿಗೆ ಮೈಕು ಬೇಡವೇ ಬೇಡ ಎಂದು ನಾನೂ ಹೇಳುತ್ತೇನೆ. ಆದರೆ ಆ ನಿಲುವು ಶುದ್ಧ ವಾದ್ಯವೊಂದು ಇದೆ ಎಂಬ ಕಲ್ಪನೆಯ ಮೇಲೆ ನಿಂತಿದ್ದರೆ ಕುಸಿಯುತ್ತದೆ. ಸಭಾಂಗಣದ ಗೋಡೆ, ಚಾವಣಿಗಳು ದನಿಯನ್ನು ಮರಳಿಸಿ ಬೆಳೆಸುವ ಮಧ್ಯವರ್ತಿಗಳೇ. ವಾದ್ಯವೂ ಸಭೆಯ ಗಾತ್ರ ನೋಡಿ ಬದಲಾಗುತ್ತ ಬಂದದ್ದು. ಅಮೆರಿಕದ ಮಾರ್ಟಿನ್ ಕಂಪನಿ 1916ರಲ್ಲಿ ಡ್ರೆಡ್‌ನಾಟ್ ಎಂಬ ಭಾರಿ ಗಾತ್ರದ ಗಿಟಾರು ಮಾಡಿತು. ಹೆಚ್ಚು ದನಿ ಬೇಕಿತ್ತು. ನಮ್ಮ ಮೈಸೂರು ಟಿ. ಚೌಡಯ್ಯನವರು ಪಿಟೀಲಿಗೆ ಮೂರು ತಂತಿ ಸೇರಿಸಿ ಏಳು ತಂತಿಯ ವಾದ್ಯ ಮಾಡಿಕೊಂಡದ್ದೂ ಮೈಕಿಲ್ಲದ ಕಾಲದ ದೊಡ್ಡ ಸಭೆಗೆ ನಾದ ಸಾಲದೆಂದು. ಅವರನ್ನು ಯಾರೂ ಪಿಟೀಲಿನ ಶುದ್ಧಿ ಕೆಡಿಸಿದವರು ಎನ್ನುವುದಿಲ್ಲ. ಬೆಂಗಳೂರಿನಲ್ಲಿ ಅವರ ಹೆಸರಿನ ಭವನವೇ ಆ ವಾದ್ಯದ ಆಕಾರದಲ್ಲಿದೆ. ತಂತಿಯಿಂದ ಸಾಧ್ಯವಾದದ್ದು ಪುಣ್ಯ, ತಾಮ್ರದ ಕೇಬಲ್ಲಿನಿಂದ ಸಾಧ್ಯವಾದದ್ದು ಪಾಪ ಎನ್ನಲು ಆಧಾರವೇನು?

ಇನ್ನೊಂದು ಆಕ್ಷೇಪ ನುಡಿಸುವವರದ್ದು. ದನಿ ನಮ್ಮದು, ಅದು ಹೇಗಿರಬೇಕೆಂದು ಹೇಳಲು ಕೇಳುಗನ ಕುರ್ಚಿ ಯಾರು? ಗಿಟಾರು ನುಡಿಸುವವರು ವಾದ್ಯದ ಹಿಂದೆ, ಮೇಲಿನಿಂದ ಕೇಳುತ್ತಾರೆ. ಎದುರಿಗೆ ಕೂತವರಿಗೆ ಕೇಳುವುದು ಅವರಿಗೆ ಕೇಳುವುದೇ ಇಲ್ಲ. ತಮ್ಮ ಬಲಗಿವಿಯ ಪಕ್ಕ, ಹೆಗಲ ಮೇಲಿಂದ ಮೈಕು ಇಳಿಸಿ ಆ ದನಿಯನ್ನೇ ಹಂಚುವವರೂ ಇದ್ದಾರೆ. ಅದೂ ಒಂದು ಕುರ್ಚಿಯೇ, ಮನುಷ್ಯನೊಬ್ಬ ನಿಜವಾಗಿ ಕೂತಿರುವ ಕುರ್ಚಿ, ಆದ್ದರಿಂದ ನನ್ನ ತಕರಾರಿಲ್ಲ. ರಾಕ್ ಗಾಯಕ ಕರ್ಟ್ ಕೋಬೇನ್ ಮಾಡಿದ್ದು ಇನ್ನೂ ಮುಂದಿನದು. 1993ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ಎಂಟಿವಿಯ ಅನ್‌ಪ್ಲಗ್ಡ್ ಕಾರ್ಯಕ್ರಮಕ್ಕೆ ನುಡಿಸುವಾಗ ಆತ ತನ್ನ 1959ರ ಮಾರ್ಟಿನ್ ಗಿಟಾರಿನ ಪಿಕಪ್ಪನ್ನು ಫೆಂಡರ್ ಆಂಪ್ಲಿಫೈಯರಿಗೆ ಜೋಡಿಸಿದ್ದ. ಆಂಪ್ಲಿಫೈಯರ್ ಕಾಣದಿರಲೆಂದು ಅದನ್ನು ಮಾನಿಟರ್ ಸ್ಪೀಕರಿನಂತೆ ತೋರುವ ಪೆಟ್ಟಿಗೆಯೊಂದರಿಂದ ಮರೆಮಾಡಲಾಗಿತ್ತು. ಆಂಪ್ಲಿಫೈಯರ್ ಬಳಸಿದ್ದರಲ್ಲಿ ತಪ್ಪು ಕಾಣುವುದಿಲ್ಲ. ಆ ಗಿಟಾರು, ಆ ಆಂಪ್ಲಿಫೈಯರು ಸೇರಿ ಒಂದು ವಾದ್ಯ, ಆತನಿಗೆ ಬೇಕಾದ ವಾದ್ಯ. ಆಗ ಕುರ್ಚಿಯನ್ನು ಹಾಕಬೇಕಾದದ್ದು ಆಂಪ್ಲಿಫೈಯರಿನ ಎದುರಿಗೆ. ಮರೆಮಾಡಿದ್ದು ಮಾತ್ರ ಶುದ್ಧಿಯ ಭ್ರಮೆಗೆ ಕೊಟ್ಟ ಕಪ್ಪಕಾಣಿಕೆ. 2020ರಲ್ಲಿ ಆ ಗಿಟಾರು 60 ಲಕ್ಷ ಡಾಲರಿಗೂ ಮಿಗಿಲಾದ ಬೆಲೆಗೆ ಹರಾಜಾಯಿತು. ಕೊಂಡವರು ರೋಡ್ ಮೈಕ್ರೋಫೋನ್ ಕಂಪನಿಯ ಸ್ಥಾಪಕರು.

ಮೈಕು ಹೇಳಿದ್ದು ಸರಿಯೇ ಎಂದು ಪರೀಕ್ಷಿಸುವುದು ಹೇಗೆ? ಇದಕ್ಕೂ ನೈಯಾಯಿಕನ ಮಾತೇ ಸಹಾಯ. ಜ್ಞಾನ ತಾನಾಗಿಯೇ ಪ್ರಮಾಣ ಎಂದರು ಮೀಮಾಂಸಕರು. ಇಲ್ಲ, ಅದರ ಪ್ರಾಮಾಣ್ಯ ಹೊರಗಿನಿಂದ, ಫಲಿಸಿದ ಕ್ರಿಯೆಯಿಂದ ತಿಳಿಯಬೇಕು ಎಂದರು ನೈಯಾಯಿಕರು. ಮಿಕ್ಸರಿನ ಪರದೆಯ ಮೇಲೆ ಏರಿಳಿಯುವ ಹಸಿರು ಗೆರೆ ತನಗೆ ತಾನೇ ಪ್ರಮಾಣವಲ್ಲ. ಎದ್ದು ಹೋಗಿ ಮೊದಲು ವಾದ್ಯದೆದುರು ಎರಡು ಮೀಟರ್ ದೂರದಲ್ಲಿ ನಿಂತು ಬರಿಗಿವಿಯಲ್ಲಿ ಕೇಳಬೇಕು, ಆಮೇಲೆ ಕೊನೆಯ ಸಾಲಿನಲ್ಲಿ ಕೂತು ಸ್ಪೀಕರಿನಲ್ಲಿ ಕೇಳಬೇಕು. ಎರಡೂ ಒಂದೇ ವಾದ್ಯ ಎನಿಸಿದರೆ ಮೈಕು ಸರಿಯಾದ ಜಾಗದಲ್ಲಿದೆ. ಹತ್ತು ನಿಮಿಷದ ಕೆಲಸ. ಬಹುಪಾಲು ಸಭೆಗಳಲ್ಲಿ ಆ ಹತ್ತು ನಿಮಿಷ ದೀಪ ಬೆಳಗುವುದಕ್ಕೂ ಸ್ವಾಗತ ಭಾಷಣಕ್ಕೂ ಹೋಗುತ್ತದೆ, ಮೈಕಿನವರು ವೇದಿಕೆಯ ಮೂಲೆಯಲ್ಲಿ ಕೇಬಲ್ಲು ಸುತ್ತುತ್ತ ಕೂತಿರುತ್ತಾರೆ.

ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ದಶಕಗಳಿಂದ ನಡೆದು ಬಂದ ರಾಮನವಮಿ ಕಛೇರಿಗಳಂಥ ಚಪ್ಪರದ ಸಭೆಗಳಲ್ಲಿ ವೀಣೆಯಾಗಲಿ ಗಿಟಾರಾಗಲಿ ಮೈಕಿಲ್ಲದೆ ಹಿಂದಿನವರನ್ನು ಮುಟ್ಟಲಾರದು. ಬಯಲಿನಲ್ಲಿ 1 ಮೀಟರಿನಿಂದ 32 ಮೀಟರಿಗೆ ಹೋಗುವಷ್ಟರಲ್ಲಿ ದನಿ 30 ಡೆಸಿಬಲ್ ಕುಗ್ಗಿರುತ್ತದೆ. ಅಲ್ಲಿ ಕೂತ ಸಾವಿರಾರು ಜನ ಯಾರ ಕಿವಿಯಿಂದ ಕೇಳಬೇಕು ಎಂಬುದನ್ನು ಒಬ್ಬರು ತೀರ್ಮಾನಿಸುತ್ತಾರೆ, ಅವರ ಹೆಸರು ಸಭೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಸಂಘಟಕರಲ್ಲಿ ಒಂದು ಕೋರಿಕೆ: ಮುಂದಿನ ಸಲ ಆಹ್ವಾನಪತ್ರಿಕೆ ಅಚ್ಚು ಹಾಕಿಸುವಾಗ ಪಿಟೀಲು, ಮೃದಂಗ, ಘಟದವರ ಹೆಸರುಗಳ ಕೆಳಗೆ ಮೈಕಿನವರ ಹೆಸರನ್ನೂ ಹಾಕಿಸಿ, ಮತ್ತು ಕಛೇರಿಗೆ ಮುಂಚೆ ಅವರಿಗೆ ಕೊನೆಯ ಸಾಲಿಗೆ ಹೋಗಿ ಬರಲು ಸಮಯ ಕೊಡಿ.